ಕಡಲ್ಗಳ್ಳನ ಧರ್ಮ ಕೇಳುವವರಿಗೆ

ಕರಾವಳಿಯ ಇತಿಹಾಸದ ಬಗ್ಗೆ ನಮ್ಮ ವೇದಿಕೆಗಳಲ್ಲಿ ಒಂದು ಸಿದ್ಧ ಕಥೆಯಿದೆ. ಸಮುದ್ರದಲ್ಲಿ ವ್ಯಾಪಾರ ಮಾಡಿದವರು ಒಂದು ಕಡೆಯವರು, ಸಮುದ್ರದಲ್ಲಿ ಲೂಟಿ ಮಾಡಿದವರು ಇನ್ನೊಂದು ಕಡೆಯವರು. ಭಾಷಣಕಾರ ಯಾರೆಂಬುದರ ಮೇಲೆ ಈ ಕಡೆಗಳು ಅದಲುಬದಲಾಗುತ್ತವೆ. ಒಬ್ಬರಿಗೆ ಮಲಬಾರಿನ ಮಾಪಿಳ್ಳೆ ನಾವಿಕರೆಲ್ಲ ಕಡಲ್ಗಳ್ಳರು. ಇನ್ನೊಬ್ಬರಿಗೆ ಅವರೆಲ್ಲರೂ ಹುತಾತ್ಮರು. ಎರಡೂ ಕಡೆಯವರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆ: ಕಳ್ಳನನ್ನು ಗುರುತಿಸಲು ಅವನು ಮಾಡಿದ ಕೆಲಸವನ್ನು ನೋಡಬೇಕಾಗಿಲ್ಲ, ಅವನ ಹೆಸರನ್ನು ನೋಡಿದರೆ ಸಾಕು.

ಈ ಒಮ್ಮತವನ್ನು ನಾವು ಒಪ್ಪುವುದಿಲ್ಲ. ಒಪ್ಪದಿರಲು ಕಾರಣಗಳನ್ನು ದೂರದ ಊರಿನಿಂದ ತರಬೇಕಾಗಿಯೂ ಇಲ್ಲ. ಬ್ರಹ್ಮಾವರ ತಾಲೂಕಿನ ಬಾರ್ಕೂರು, ಕುಂದಾಪುರದ ಬಸ್ರೂರು, ಬೈಂದೂರಿನ ಶಿರೂರು ದಾಟಿದರೆ ಸಿಗುವ ಭಟ್ಕಳ ಮತ್ತು ಹೊನ್ನಾವರ - ಇಷ್ಟು ಊರುಗಳ ಹಳೆಯ ಲೆಕ್ಕ ತೆಗೆದರೆ ಸಾಕು. ಆ ಲೆಕ್ಕದ ಪ್ರತಿಯೊಂದು ಪುಟದಲ್ಲೂ ಗೋವಾ ಎಂಬ ನಗರ ಬರುತ್ತದೆ. ಪೋರ್ಚುಗೀಸರ ಪೂರ್ವ ಸಾಮ್ರಾಜ್ಯದ ರಾಜಧಾನಿಯಾಗಿ ಮೆರೆದ ಆ ನಗರ ತನ್ನನ್ನು ತಾನು ಕಡಲ್ಗಳ್ಳರ ಶತ್ರು ಎಂದು ಕರೆದುಕೊಂಡಿತು. ಆದರೆ ಅದರ ಹುಟ್ಟಿಗೆ ನೆರವಾದವನೇ ಒಬ್ಬ ಕಡಲ್ಗಳ್ಳ. ಈ ಮಾತನ್ನು ನಾವು ಹೇಳುತ್ತಿಲ್ಲ, ಅವನಿಗೆ ಆ ಹೆಸರಿಟ್ಟ ಪೋರ್ಚುಗೀಸರ ಬರಹಗಳೇ ಹೇಳುತ್ತವೆ.

ಬಾರ್ಕೂರಿನ ಲೂಲಾ

ಮೊದಲು ನಮ್ಮ ಮನೆಯ ಲೆಕ್ಕವನ್ನೇ ತೆಗೆಯೋಣ. 1342ರ ಹೊತ್ತಿಗೆ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಯಲ್ಲಿ ಹಾದುಹೋದರು. ಬಸ್ರೂರನ್ನು ಅವರು ತೆಂಗಿನ ಮರಗಳು ತುಂಬಿದ, ದೊಡ್ಡ ಹೊಳೆಯ ದಡದ ಪುಟ್ಟ ಊರೆಂದು ಬಣ್ಣಿಸಿದರು. ಅಲ್ಲಿನ ಮುಸ್ಲಿಮರ ಮುಖಂಡ ತನ್ನ ಸಂಪತ್ತನ್ನೆಲ್ಲ ಬಡವರಿಗಾಗಿ ಖರ್ಚು ಮಾಡಿದ ಉದಾರಿ ಎಂದು ಹೊಗಳಿದರು. ಅಲ್ಲಿಂದ ಅವರು ಬಂದದ್ದು ಫಾಕನೂರಿಗೆ. ವಿದ್ವಾಂಸರು ಇದನ್ನು ಬಾರ್ಕೂರು ಎಂದು ಗುರುತಿಸಿದ್ದಾರೆ. ಅಲ್ಲಿ ಕಬ್ಬು ಹೇರಳವಾಗಿತ್ತು. ಮುಸ್ಲಿಮರ ಒಂದು ಸಮುದಾಯವಿತ್ತು, ಜುಮಾ ಮಸೀದಿಯಿತ್ತು, ಖಾಝಿಯೂ ಖತೀಬರೂ ಇದ್ದರು. ರಾಜ ಹಿಂದೂ. ಅವನ ಹೆಸರನ್ನು ಇಬ್ನ್ ಬತೂತ ಬಾಸದೇವ ಎಂದು ಬರೆದಿದ್ದಾರೆ.

ಈ ರಾಜನ ಬಳಿ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ದಂಡನಾಯಕ ಲೂಲಾ ಎಂಬ ಮುಸ್ಲಿಮ. ಇಬ್ನ್ ಬತೂತ ಈ ಲೂಲಾನನ್ನು ನಮ್ಮವನೆಂದು ಮುಚ್ಚಿಡಲಿಲ್ಲ. ಅವನು ಕೇಡಿಗ, ಸಮುದ್ರದಲ್ಲಿ ವರ್ತಕರನ್ನು ದೋಚುವವನು ಎಂದೇ ಬರೆದರು. ಬಂದರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ರಾಜನಿಗೆ ಕಾಣಿಕೆ ಸಲ್ಲಿಸಬೇಕಿತ್ತು. ಅದಕ್ಕೆ 'ಬಂದರಿನ ಹಕ್ಕು' ಎಂದು ಹೆಸರು. ಕೊಡದೆ ಹೋದವರನ್ನು ಬೆನ್ನಟ್ಟಿ ಹಿಡಿದು ತಂದು, ಎರಡರಷ್ಟು ವಸೂಲಿ ಮಾಡಲಾಗುತ್ತಿತ್ತು.

ಈ ಒಂದು ಪುಟ ನಮ್ಮ ವೇದಿಕೆಗಳ ಕಥೆಯನ್ನು ಎರಡು ಕಡೆಯಿಂದಲೂ ಒಡೆಯುತ್ತದೆ. ರಾಜ ಹಿಂದೂ, ಅವನ ಪರವಾಗಿ ಸುಲಿಗೆ ಮಾಡಿದವನು ಮುಸ್ಲಿಮ, ದೋಚಿಸಿಕೊಂಡ ವರ್ತಕರಲ್ಲಿ ಎರಡೂ ಧರ್ಮದವರು, ಅದನ್ನು ಖಂಡಿಸಿ ಬರೆದವರು ಮುಸ್ಲಿಮರು. ಇಲ್ಲಿ ಯಾರ ಧ್ವಜ ಹಾರಿಸುತ್ತೀರಿ?

ಹೊನ್ನಾವರದ ತಿಮ್ಮಯ್ಯ

ಈಗ ಬಾರ್ಕೂರಿನಿಂದ ಬಡಗಣಕ್ಕೆ, ಹೊನ್ನಾವರಕ್ಕೆ ಹೋಗೋಣ. ವಾಸ್ಕೋ ಡ ಗಾಮ 1498ರಲ್ಲಿ ಹಿಂದಿರುಗುವ ದಾರಿಯಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದ್ದಾಗ, ಮರದ ಕೊಂಬೆಗಳಿಂದ ಮುಚ್ಚಿದ, ಒಂದಕ್ಕೊಂದು ಕಟ್ಟಿದ ದೋಣಿಗಳ ಗುಂಪೊಂದು ತೇಲುವ ದ್ವೀಪದಂತೆ ಹತ್ತಿರ ಬಂತು ಎಂದು ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. ಅದರ ನಾಯಕನನ್ನು ಅವರು 'ತಿಮೋಜ' ಎಂದು ಕರೆದರು, ಕಡಲ್ಗಳ್ಳ ಎಂದು ಬರೆದಿಟ್ಟರು. ನಮ್ಮ ಬಾಯಲ್ಲಿ ಅವನು ತಿಮ್ಮಯ್ಯ. ಹೊನ್ನಾವರ ಅವನ ನೆಲೆ, ವಿಜಯನಗರದ ಕಡೆಯವರು ಅವನ ಧಣಿಗಳು.

ತಿಮ್ಮಯ್ಯನಂತಹವರ ದೋಣಿಪಡೆ ಬೆಳೆಯಲು ಕಾರಣ ಕುದುರೆ. ಬಯಲುಸೀಮೆಯ ಯುದ್ಧ ಗೆಲ್ಲಲು ಅರಬ್ ಕುದುರೆ ಬೇಕಿತ್ತು. ಅದು ಹಡಗಿನಲ್ಲಿ ಬಂದು ಭಟ್ಕಳ, ಹೊನ್ನಾವರ, ಗೋವಾಗಳಲ್ಲಿ ಇಳಿಯುತ್ತಿತ್ತು. ಯಾವ ಬಂದರು ಯಾರ ಕೈಯಲ್ಲಿದೆಯೋ ಅವರಿಗೆ ಕುದುರೆ. ಭಟ್ಕಳ-ಹೊನ್ನಾವರದ ಮುಸ್ಲಿಮ್ ವರ್ತಕರು ದಖ್ಖನಿನ ಸುಲ್ತಾನರಿಗೆ ಕುದುರೆ ಮಾರಿದರೆಂಬ ಸಿಟ್ಟಿನಿಂದ 1479ರಲ್ಲಿ ವಿಜಯನಗರದ ಅರಸನ ಆಜ್ಞೆಯಂತೆ ಅವರ ಕಗ್ಗೊಲೆ ನಡೆಯಿತು, ಉಳಿದವರು ಗೋವೆಗೆ ಓಡಿಹೋಗಿ ಅಲ್ಲಿ ನೆಲೆಸಿದರು ಎಂದು ಚರಿತ್ರೆಕಾರ ಜೊವಾವ್ ದೆ ಬಾರೋಸ್ ಬರೆಯುತ್ತಾನೆ. ಇದನ್ನು ಓದಿ ಇಂದಿನ ಯಾರ ಮೇಲೂ ಸಿಟ್ಟು ತರಿಸಿಕೊಳ್ಳಬೇಕಾಗಿಲ್ಲ. ಆದರೆ ಹೊನ್ನಾವರಕ್ಕೂ ಗೋವೆಗೂ ನಡುವಿನ ವೈರದ ಬೇರು ದೇವಸ್ಥಾನ-ಮಸೀದಿಗಳಲ್ಲಿರಲಿಲ್ಲ, ಕುದುರೆ ಲಾಯದಲ್ಲಿತ್ತು ಎಂಬುದನ್ನು ಮರೆಯಬಾರದು.

1505ರಲ್ಲಿ ವೈಸ್‌ರಾಯ್ ಅಲ್ಮೇಡ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟ. ತಿಮ್ಮಯ್ಯ ಲೆಕ್ಕಾಚಾರದ ಮನುಷ್ಯ. ಎದುರಿಸಲಾಗದವನ ಜೊತೆ ಕೈಜೋಡಿಸಿದ. 1510ರ ಆರಂಭದಲ್ಲಿ ಅಲ್ಬುಕರ್ಕ್ ಕೆಂಪು ಸಮುದ್ರದ ಕಡೆ ಹೊರಟಿದ್ದಾಗ ತಿಮ್ಮಯ್ಯ ಅವನನ್ನು ಭೇಟಿಯಾಗಿ ಗೋವೆಯ ಮೇಲೆ ದಾಳಿ ಮಾಡಲು ಇದೇ ಸಮಯ ಎಂದ. ಬಿಜಾಪುರದ ಸುಲ್ತಾನ ತೀರಿಕೊಂಡಿದ್ದಾನೆ, ಮಗ ಇನ್ನೂ ಎಳೆಯ, ಕಾವಲು ಸಡಿಲವಾಗಿದೆ - ಇದು ಅವನು ಕೊಟ್ಟ ಸುದ್ದಿ. ಅಲ್ಬುಕರ್ಕ್ ಹಡಗಿನ ದಿಕ್ಕು ಬದಲಿಸಿದ. ಕಾಳಿ ನದಿಯ ಮುಖದಲ್ಲಿದ್ದ, ಈಗಿನ ಸದಾಶಿವಗಡದ ಜಾಗದ ಕೋಟೆಯನ್ನು ತಿಮ್ಮಯ್ಯನ ಜನ ವಶಪಡಿಸಿಕೊಂಡರು. ಗೋವಾ ಹೆಚ್ಚು ಕಾದಾಟವಿಲ್ಲದೆ ಕೈಸೇರಿತು. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಅದನ್ನು ಮರಳಿ ಪಡೆಯಿತು. ಮಳೆಗಾಲವಿಡೀ ಪೋರ್ಚುಗೀಸರು ಮಾಂಡೋವಿ ನದಿಯಲ್ಲಿ ಹಡಗಿನೊಳಗೆ ಹಸಿದು ಕುಳಿತರು. 1510ರ ನವೆಂಬರ್ 25ರಂದು ಅವರು ಮತ್ತೆ ನಗರವನ್ನು ಹಿಡಿದರು.

ಆಮೇಲೆ ನಡೆದುದನ್ನು ಅಲ್ಬುಕರ್ಕನೇ ಡಿಸೆಂಬರ್ 22ರ ಪತ್ರದಲ್ಲಿ ತನ್ನ ದೊರೆ ಮನುವೆಲನಿಗೆ ತಿಳಿಸಿದ್ದಾನೆ. ನಾಲ್ಕು ದಿನ ಕತ್ತಿ ನಿಲ್ಲಲಿಲ್ಲ. ಸಿಕ್ಕ ಮುಸ್ಲಿಮರಲ್ಲಿ ಯಾರನ್ನೂ ಬಿಡಲಿಲ್ಲ. ಮಸೀದಿಯೊಳಗೆ ಜನರನ್ನು ತುಂಬಿ ಬೆಂಕಿ ಹಚ್ಚಲಾಯಿತು. ಗಂಡಸರು ಹೆಂಗಸರು ಸೇರಿ ಸತ್ತವರು ಆರು ಸಾವಿರವೆಂದು ಅವನ ಲೆಕ್ಕ. ರೈತರನ್ನೂ ಬ್ರಾಹ್ಮಣರನ್ನೂ ಕೊಲ್ಲಬಾರದೆಂದು ಆಜ್ಞೆಯಿತ್ತು. ಸತ್ತವರಲ್ಲಿ ಭಟ್ಕಳ, ಹೊನ್ನಾವರಗಳಿಂದ ಓಡಿಹೋದವರ ಮಕ್ಕಳು ಮೊಮ್ಮಕ್ಕಳೂ ಇದ್ದಿರಬೇಕು. ಈ ಕೊಲೆಯಲ್ಲಿ ತಿಮ್ಮಯ್ಯನ ಕೈಯಿತ್ತೆಂದು ನಾವು ಹೇಳುವುದಿಲ್ಲ. ನಗರ ಬಿದ್ದ ದಿನ ಅವನು ಅಲ್ಲಿರಲಿಲ್ಲ, ಬಳಿಕ ಬಂದು ಸೇರಿದ. ಆದರೆ ಬಾಗಿಲು ತೋರಿಸಿದವನು ಅವನು. ಪ್ರತಿಫಲವಾಗಿ ಅವನಿಗೆ ಸುತ್ತಲಿನ ಭೂಮಿಯ ಕಂದಾಯ ವಸೂಲಿಯ ಅಧಿಕಾರ ಸಿಕ್ಕಿತು. ಗೋವಾ ನಗರವನ್ನೇ ತನಗೆ ಒಪ್ಪಿಸುತ್ತಾರೆಂದು ಅವನು ಎಣಿಸಿದ್ದ. ಅದು ಆಗಲಿಲ್ಲ. ಆ ಅಧಿಕಾರವೂ ಹೆಚ್ಚು ಕಾಲ ಉಳಿಯಲಿಲ್ಲ.

ಚೀಟಿ ಇದ್ದರೆ ವ್ಯಾಪಾರಿ, ಇಲ್ಲದಿದ್ದರೆ ಕಳ್ಳ

ಹೀಗೆ ನೆಲೆನಿಂತ ಗೋವಾ ಮುಂದೆ ಸಮುದ್ರದ ಪೊಲೀಸನ ವೇಷ ಧರಿಸಿತು. ಅದರ ಆಯುಧ ಒಂದು ಕಾಗದ. 'ಕರ್ತಾಸ್' ಎಂಬ ಈ ಪರವಾನಗಿ ಚೀಟಿಯ ಹೆಸರೂ ಕಾಗದ ಎಂಬರ್ಥದ ಅರಬಿ ಪದದಿಂದಲೇ ಬಂದದ್ದು. ನಮ್ಮ ಸಮುದ್ರದಲ್ಲಿ ನಮ್ಮ ಹಡಗು ಹೋಗಬೇಕಾದರೆ ಆ ಚೀಟಿ ಬೇಕು. ಪೋರ್ಚುಗೀಸ್ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಕಾಳುಮೆಣಸು ಸಾಗಿಸಬಾರದು. ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕು ಮುಟ್ಟುಗೋಲು, ಜನ ಸೆರೆ. ಬಾರ್ಕೂರಿನ ಲೂಲಾ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇನು? ಲೂಲಾ ಒಂದು ಬಂದರಿನ ಮುಂದೆ ನಿಂತು ಸುಲಿದ, ಇವರು ಒಂದು ಸಾಗರದ ಮುಂದೆ ನಿಂತು ಸುಲಿದರು. ಲೂಲಾನಿಗೆ ಕಳ್ಳನೆಂಬ ಹೆಸರು, ಇವರಿಗೆ ವೈಸ್‌ರಾಯ್ ಎಂಬ ಬಿರುದು.

1502ರಲ್ಲಿ ವಾಸ್ಕೋ ಡ ಗಾಮ ಎರಡನೆಯ ಬಾರಿ ಬಂದಾಗ ಮಕ್ಕಾದಿಂದ ಮರಳುತ್ತಿದ್ದ 'ಮೀರಿ' ಎಂಬ ಹಡಗನ್ನು ಹಿಡಿದು, ಸರಕು ದೋಚಿ, ಹೆಂಗಸರು ಮಕ್ಕಳು ಸೇರಿ ನೂರಾರು ಜನರಿದ್ದಂತೆಯೇ ಅದಕ್ಕೆ ಬೆಂಕಿ ಹಚ್ಚಿದ. ಅದೇ ಸಲ ಭಟ್ಕಳವನ್ನು ಬೆದರಿಸಿ ವರ್ಷಕ್ಕಿಷ್ಟು ಅಕ್ಕಿ ಎಂಬ ಕಪ್ಪ ಹೇರಿದ. ನಮ್ಮ ಶಾಲಾ ಮಕ್ಕಳಿಗೆ ಅವನು 'ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನು' ಎಂದು ಗೊತ್ತು. ಹಡಗು ಸುಟ್ಟವನೆಂದು ಎಷ್ಟು ಮಕ್ಕಳಿಗೆ ಗೊತ್ತು?

ಅಕ್ಕಿಯ ಮಾತು ಬಂದರೆ ಬಸ್ರೂರನ್ನು ಬಿಡುವಂತಿಲ್ಲ. ಪಂಚಗಂಗಾವಳಿ ಹೊಳೆಗಳ ಬಯಲಿನಲ್ಲಿ ಬೆಳೆದ ಅಕ್ಕಿ ಬಸ್ರೂರಿನಿಂದ ಹೊರಟು ಮಲಬಾರಿಗೂ ಅರಬಿ ಕಡಲಾಚೆಯ ಬಂದರುಗಳಿಗೂ ಹೋಗುತ್ತಿತ್ತು. ಗೋವಾ ತನ್ನ ಹೊಟ್ಟೆಗೆ ನಂಬಿದ್ದದ್ದೂ ಈ ಅಕ್ಕಿಯನ್ನೇ. ಕೊಳ್ಳುವುದರಿಂದ ತೃಪ್ತಿಯಾಗದೆ 1569ರಲ್ಲಿ ಹೊನ್ನಾವರದ ಜೊತೆಗೆ ಬಸ್ರೂರನ್ನೂ ಹಿಡಿದು ಅಲ್ಲಿ ಕೋಟೆ ಕಟ್ಟಿತು. ಪ್ರತಿವರ್ಷ ಅಕ್ಕಿ ದೋಣಿಗಳ ಸಾಲು ಪೋರ್ಚುಗೀಸ್ ಯುದ್ಧನೌಕೆಗಳ ಕಾವಲಿನಲ್ಲಿ ಗೋವೆಯತ್ತ ಹೊರಡುತ್ತಿತ್ತು. ಯಾರಿಂದ ಕಾವಲು? ಮಲಬಾರಿನ ಕಡಲ್ಗಳ್ಳರಿಂದ. ಈ ಕಡಲ್ಗಳ್ಳರು ಯಾಕೆ ಹುಟ್ಟಿಕೊಂಡರು? ಚೀಟಿಯ ವ್ಯವಸ್ಥೆ ಅವರ ತಂದೆ ತಾತಂದಿರ ವ್ಯಾಪಾರವನ್ನು ನುಂಗಿತ್ತು. ಮೊದಲು ವ್ಯಾಪಾರಿಯನ್ನು ಕಳ್ಳನನ್ನಾಗಿ ಮಾಡಿ, ಆಮೇಲೆ ಕಳ್ಳನಿಂದ ರಕ್ಷಣೆಯ ಹೆಸರಲ್ಲಿ ಹಣ ವಸೂಲಿ ಮಾಡುವುದು - ಈ ದಂಧೆಗೆ ಇಂದಿನ ನಗರಗಳಲ್ಲಿ ಏನು ಹೆಸರಿದೆಯೆಂದು ಓದುಗರಿಗೆ ಗೊತ್ತು.

ಒಬ್ಬನಿಗೆ ಕಂದಾಯ, ಒಬ್ಬನಿಗೆ ಕೊಡಲಿ

ಕಲ್ಲಿಕೋಟೆಯ ಸಾಮೂದಿರಿ ರಾಜನ ನೌಕಾಪಡೆಯನ್ನು ತಲೆತಲಾಂತರದಿಂದ ನಡೆಸಿದವರು ಕುಂಞಾಲಿ ಮರಕ್ಕಾರರು. ಪೋರ್ಚುಗೀಸರ ಬಾಯಲ್ಲಿ ಅವರೂ ಕಡಲ್ಗಳ್ಳರು. ನಾಲ್ಕನೆಯ ಕುಂಞಾಲಿಯ ಕಾಲಕ್ಕೆ ಸಾಮೂದಿರಿಯೇ ಅವನ ಮೇಲೆ ಮುನಿದು ಪೋರ್ಚುಗೀಸರ ಜೊತೆಗೂಡಿ ಅವನ ಕೋಟೆಯನ್ನು ಮುತ್ತಿದ. 1600ರಲ್ಲಿ ಪ್ರಾಣಕ್ಕೆ ಅಪಾಯವಿಲ್ಲವೆಂಬ ಮಾತಿನ ಮೇಲೆ ಕುಂಞಾಲಿ ತನ್ನ ರಾಜನಿಗೆ ಶರಣಾದ. ಪೋರ್ಚುಗೀಸ್ ದಳಪತಿ ಅವನನ್ನು ಅಲ್ಲೇ ಹಿಡಿದು ಗೋವೆಗೆ ಕೊಂಡೊಯ್ದ. ಅಲ್ಲಿ ಅವನ ತಲೆ ಕಡಿಯಲಾಯಿತು, ದೇಹವನ್ನು ತುಂಡು ಮಾಡಿ ಕಡಲ ದಡದಲ್ಲಿ ಪ್ರದರ್ಶನಕ್ಕಿಡಲಾಯಿತು. ತಲೆಯನ್ನು ಉಪ್ಪು ಹಚ್ಚಿ ಕಣ್ಣೂರಿಗೆ ಕಳುಹಿಸಲಾಯಿತು.

ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1510ರಲ್ಲಿ ಗೋವಾ ಒಬ್ಬ 'ಕಡಲ್ಗಳ್ಳ'ನಿಗೆ ಕಂದಾಯದ ಅಧಿಕಾರ ಕೊಟ್ಟಿತು. 1600ರಲ್ಲಿ ಅದೇ ಗೋವಾ ಇನ್ನೊಬ್ಬ 'ಕಡಲ್ಗಳ್ಳ'ನ ತಲೆ ಕಡಿಯಿತು. ಇಬ್ಬರೂ ದೋಣಿಪಡೆ ಕಟ್ಟಿದವರು, ಇಬ್ಬರೂ ಒಬ್ಬ ಹಿಂದೂ ದೊರೆಯ ಹೆಸರಿನಲ್ಲಿ ಕಡಲಿಗಿಳಿದವರು. ಒಬ್ಬ ಗೋವೆಗೆ ಉಪಯೋಗಕ್ಕೆ ಬಂದ, ಇನ್ನೊಬ್ಬ ಬರಲಿಲ್ಲ. ವ್ಯತ್ಯಾಸ ಇಷ್ಟೇ.

ಇದು ಪೋರ್ಚುಗೀಸರ ಕೆಟ್ಟತನ ಮಾತ್ರ ಎಂದುಕೊಳ್ಳಬೇಡಿ. ಮುಂದಿನ ಶತಮಾನಗಳಲ್ಲಿ ಮುಂಬಯಿಯ ಇಂಗ್ಲಿಷರು ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯನ್ನೂ ಕಡಲ್ಗಳ್ಳ ಎಂದೇ ಬರೆದರು. ಸ್ವತಂತ್ರ ಭಾರತದ ನೌಕಾಪಡೆ ಈ ಎರಡು ಬರವಣಿಗೆಗಳನ್ನೂ ತಿರಸ್ಕರಿಸಿತು. ಮುಂಬಯಿಯಲ್ಲಿ 'ಐಎನ್‌ಎಸ್ ಆಂಗ್ರೆ'ಯೂ ಇದೆ, 'ಐಎನ್‌ಎಸ್ ಕುಂಞಾಲಿ'ಯೂ ಇದೆ. ದೇಶದ ನೌಕಾಪಡೆಗೆ ಅರ್ಥವಾದದ್ದು ನಮ್ಮ ಊರಿನ ಭಾಷಣಕಾರರಿಗೆ ಯಾಕೆ ಅರ್ಥವಾಗುವುದಿಲ್ಲ? ಆಂಗ್ರೆಯ ಬಗ್ಗೆ ಇಂಗ್ಲಿಷರ ಮಾತು ಸುಳ್ಳು, ಕುಂಞಾಲಿಯ ಬಗ್ಗೆ ಪೋರ್ಚುಗೀಸರ ಮಾತು ಮಾತ್ರ ಸತ್ಯ ಎನ್ನುವ ತಕ್ಕಡಿ ಯಾವ ಅಂಗಡಿಯದು?

ಶತ್ರುವಿನ ಶತ್ರು

ತಿಮ್ಮಯ್ಯನನ್ನು ಪರಧರ್ಮದವರಿಂದ ನಾಡು ಬಿಡಿಸಿದ ವೀರ ಎಂದು ಕಾಣುವವರಿದ್ದಾರೆ. ಅವರು ಗೋವೆಯ ಮುಂದಿನ ಮೂವತ್ತು ವರ್ಷಗಳನ್ನೂ ಓದಲಿ. ಆರಂಭದಲ್ಲಿ ಪೋರ್ಚುಗೀಸರು ತೆರಿಗೆ ಇಳಿಸಿದರು, ಗ್ರಾಮಗಳ ಪದ್ಧತಿಗೆ ಕೈಹಾಕಲಿಲ್ಲ. ಬೇರು ಗಟ್ಟಿಯಾದ ಮೇಲೆ, 1540ರಲ್ಲಿ, ಗೋವಾ ದ್ವೀಪದ ದೇವಾಲಯಗಳನ್ನು ಕೆಡವಿದರು. 1560ರಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಕುಳಿತಿತು. ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೂ ಅದು ಎದ್ದೇಳಲಿಲ್ಲ. ದೇವರ ಮೂರ್ತಿಯನ್ನು ಎದೆಗವಚಿಕೊಂಡು ತೆಂಕಣಕ್ಕೆ ಓಡಿಬಂದವರ ವಂಶದವರು ಇಂದಿಗೂ ಬಸ್ರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿ ಕೊಂಕಣಿ ಮಾತಾಡುತ್ತಾರೆ. ಬಳಿಕ ಗೋವೆಯ ಕ್ರೈಸ್ತರೂ ಅದೇ ದಾರಿಯಲ್ಲಿ ನಮ್ಮ ಕರಾವಳಿಗೆ ಬಂದರು. 1510ರಲ್ಲಿ ಮುಸ್ಲಿಮರು ಸತ್ತರು, 1540ರ ನಂತರ ಹಿಂದೂಗಳು ಓಡಿದರು, ಕೊನೆಗೆ ಕ್ರೈಸ್ತನಾದ ರೈತನೂ ನೆಮ್ಮದಿಯಿಂದ ಉಳಿಯಲಿಲ್ಲ. ನೆರೆಯವನ ಮನೆಗೆ ಬೆಂಕಿ ಹಾಕಲು ಕರೆದು ತಂದವನು ನಮ್ಮ ಅಂಗಳಕ್ಕೂ ಬರುತ್ತಾನೆ.

ನಮ್ಮವರಿಗೂ ಎರಡು ಮಾತು ಹೇಳಬೇಕು. ಕುಂಞಾಲಿಯ ಹೆಸರು ಬಂದ ಕೂಡಲೇ ಕಣ್ಣು ಮುಚ್ಚುವ ಚಾಳಿ ನಮ್ಮಲ್ಲಿದೆ. ಅವರು ಧೀರರು, ನಿಜ. ಆದರೆ ಮಲಬಾರಿನ ದೋಣಿಗಳು ಪೋರ್ಚುಗೀಸರ ಹಡಗನ್ನು ಮಾತ್ರ ಹಿಡಿಯಲಿಲ್ಲ. ಗೋವೆಗೆ ಹೊರಟ ಅಕ್ಕಿ ದೋಣಿಗಳೂ ಅವರ ಬೇಟೆಯಾಗಿದ್ದವು. ಆ ಅಕ್ಕಿ ಬೆಳೆದವನು ಕುಂದಾಪುರದ ಕಡೆಯ ಗದ್ದೆಯ ಒಕ್ಕಲು, ದೋಣಿಯ ಹುಟ್ಟು ಹಾಕಿದವನು ನಮ್ಮಂತಹದೇ ಒಬ್ಬ ಬಡವ. ಅವನ ನಷ್ಟವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಆರು ಸಾವಿರದ ಲೆಕ್ಕ ಕೇಳುವ ನೈತಿಕ ಹಕ್ಕು ನಮಗೂ ಉಳಿಯುವುದಿಲ್ಲ. ಏಳು ಶತಮಾನಗಳ ಹಿಂದೆ ಇಬ್ನ್ ಬತೂತರಿಗೆ ಲೂಲಾನನ್ನು ಕೇಡಿಗ ಎನ್ನಲು ಅಂಜಿಕೆಯಾಗಲಿಲ್ಲ. ನಮಗೇಕೆ ಆಗಬೇಕು?

ಲೆಕ್ಕ ಯಾರ ತಲೆಯ ಮೇಲೆ?

ಹಳೆಯ ಕಥೆ ಕೆದಕಿ ಈಗೇನು ಲಾಭ ಎಂದು ಕೇಳಬಹುದು. ಕೆದಕಿದವರು ನಾವಲ್ಲ. 'ದಾಳಿಕೋರರ ಸಂತತಿ', 'ಹೊರಗಿನಿಂದ ಬಂದವರು' ಎಂಬ ಮಾತುಗಳು ಈ ಕರಾವಳಿಯ ಮೈಕುಗಳಲ್ಲಿ ಎಷ್ಟು ಸಲ ಕೇಳಿಲ್ಲ? 2022ರ ಫೆಬ್ರವರಿಯಲ್ಲಿ ಕುಂದಾಪುರದಲ್ಲಿ ಶಿರವಸ್ತ್ರ ಧರಿಸಿದ ವಿದ್ಯಾರ್ಥಿನಿಯರ ಮುಂದೆ ಕಾಲೇಜಿನ ಗೇಟು ಮುಚ್ಚಿತು. ಮುಂದಿನ ತಿಂಗಳು ಕಾಪುವಿನ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಸಿಗಲಿಲ್ಲ. ಹಣ್ಣು, ಬಳೆ, ಆಟಿಕೆ ಮಾರುವ ಆ ಮನುಷ್ಯ ಯಾವ ಹಡಗನ್ನು ದೋಚಿದ್ದ? ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯ ಅಜ್ಜ ಯಾವ ನೌಕೆಯ ದಂಡನಾಯಕನಾಗಿದ್ದ? ಲೂಲಾನ ಪಾಪವನ್ನು ಇಂದಿನ ಬ್ಯಾರಿ ಅಥವಾ ನವಾಯತ ಹೊರಬೇಕೆಂದಾದರೆ, ತಿಮ್ಮಯ್ಯನ ಪಾಪವನ್ನು ಹೊನ್ನಾವರದ ಯಾರು ಹೊರಬೇಕು? ಅಲ್ಬುಕರ್ಕನ ಪಾಪವನ್ನು ಕುಂದಾಪುರದ ಇಗರ್ಜಿಗೆ ಹೋಗುವ ಯಾವ ಮುದುಕಿ ಹೊರಬೇಕು? ಯಾರೂ ಹೊರಬೇಕಾಗಿಲ್ಲ ಎಂಬುದು ನ್ಯಾಯ. ಒಂದು ಸಮುದಾಯ ಮಾತ್ರ ಹೊರಬೇಕೆಂಬುದು ಗೋವೆಯ ಹಳೆಯ ಚೀಟಿ ಪದ್ಧತಿ. ಸಂತೆಯಲ್ಲಿ ಯಾರು ಅಂಗಡಿ ಹಾಕಬಹುದು, ಯಾರು ಹಾಕಬಾರದು ಎಂದು ಬೀದಿಯಲ್ಲಿ ನಿಂತು ಹೇಳುವವನ ಕೈಯಲ್ಲಿರುವುದೂ ಅಂಥದೇ ಒಂದು ಕಾಗದ.

ಬಾರ್ಕೂರು, ಬಸ್ರೂರುಗಳು ದೊಡ್ಡ ಊರುಗಳಾಗಿ ಮೆರೆದದ್ದು ಯಾರನ್ನೋ ಹೊರಗಿಟ್ಟು ಅಲ್ಲ. ಗದ್ದೆಯಲ್ಲಿ ಒಬ್ಬ, ಅಂಗಡಿಯಲ್ಲಿ ಒಬ್ಬ, ಚುಕ್ಕಾಣಿಯಲ್ಲಿ ಒಬ್ಬ ಇದ್ದುದರಿಂದ. ಇವರಲ್ಲಿ ಒಬ್ಬನನ್ನು ತೆಗೆದರೂ ಅಕ್ಕಿ ಬಂದರಿನಲ್ಲೇ ಕೊಳೆಯುತ್ತಿತ್ತು. ಗಂಗೊಳ್ಳಿಯ ಬಂದರಿನಲ್ಲಿ ಮೀನು ಇಳಿಯುವ ಹೊತ್ತಿಗೆ ಹೋಗಿ ನಿಂತು ನೋಡಿದರೆ ಆ ಲೆಕ್ಕ ಇಂದಿಗೂ ಬದಲಾಗಿಲ್ಲವೆಂದು ಗೊತ್ತಾಗುತ್ತದೆ. ಹಿಡಿದವನು, ಹೊತ್ತವಳು, ಮಂಜುಗಡ್ಡೆ ಹಾಕಿದವನು, ಲಾರಿ ಓಡಿಸಿದವನು - ಇವರ ಹೆಸರುಗಳನ್ನು ಧರ್ಮದ ಪ್ರಕಾರ ವಿಂಗಡಿಸಲು ಕುಳಿತರೆ ಮೀನು ಹಳಸುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಹಂಪಿ, ಬಾದಾಮಿಗಳಿಗೆ ಹೋಗುವ ಶಾಲಾ ಪ್ರವಾಸದ ಬಸ್ಸು ಒಮ್ಮೆ ಬಾರ್ಕೂರು, ಬಸ್ರೂರುಗಳಲ್ಲೂ ನಿಲ್ಲಲಿ. ಅಲ್ಲಿ ಶಿಕ್ಷಕರು ಲೂಲಾನ ಕಥೆಯನ್ನೂ ತಿಮ್ಮಯ್ಯನ ಕಥೆಯನ್ನೂ ಒಂದೇ ಉಸಿರಿನಲ್ಲಿ ಹೇಳಲಿ. ನಮ್ಮ ಮದ್ರಸಗಳ ವಾರ್ಷಿಕೋತ್ಸವದಲ್ಲಿ, ಯುವಕ ಮಂಡಲಗಳ ವೇದಿಕೆಯಲ್ಲಿ ಇತಿಹಾಸದ ಬಗ್ಗೆ ಮಾತಾಡುವವರು 1510ನ್ನೂ 1540ನ್ನೂ ಜೊತೆಯಾಗಿಯೇ ಹೇಳಲಿ, ಒಂದನ್ನು ಹೇಳಿ ಇನ್ನೊಂದನ್ನು ನುಂಗದಿರಲಿ. ಯಾರು ದೋಚಿದರು ಎಂದು ಕೇಳುವ ಮಗು, ಯಾರಿಂದ ದೋಚಿದರು, ಯಾರಿಗಾಗಿ ದೋಚಿದರು ಎಂದೂ ಕೇಳಲು ಕಲಿಯಲಿ. ಅಷ್ಟು ಕಲಿತ ಮಗುವಿನ ಕಿವಿಯಲ್ಲಿ ಕಳ್ಳನ ಧರ್ಮದ ಬಗ್ಗೆ ಪಿಸುಗುಟ್ಟುವುದು ಯಾರಿಗೂ ಸುಲಭವಾಗುವುದಿಲ್ಲ.